ಹನ್ನೆರಡಡಿ ಗೋಡೆಗೆ ಸಣ್ಣ ಕ್ಯಾಮೆರಾ

ಚಿತ್ರ ನೋಡಿದಾಗ ಯಾರೂ ನಗಲಿಲ್ಲ. ಕ್ಯಾಮೆರಾ ನೋಡಿದ ಮೇಲೆ ನಕ್ಕರು. ಫರಹೀನಳ ಮೈ ಉರಿದದ್ದು ಅದಕ್ಕೇ.

ಶೇಡಬಾಳದ ದ್ರಾಕ್ಷಿ ಬೆಳೆಗಾರರು ಹೊಸ ಸಭಾಭವನ ಕಟ್ಟಿಸಿದ್ದರು. ಬಾಗಿಲು ದಾಟಿದರೆ ಎದುರಿನ ಗೋಡೆಯ ಮೇಲೆ ಒಂದು ಖಾಲಿ ಜಾಗ, ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಎತ್ತರ. ಅದರ ತುಂಬ ನಮ್ಮ ಸೀಮೆಯ ಒಂದು ಚಿತ್ರ ಇರಬೇಕು, ಹೊರಗಿನಿಂದ ಬಂದವರು ನೋಡಿ ಬಾಯಿ ತೆರೆಯಬೇಕು ಎಂದು ಸಂಘದ ಅಧ್ಯಕ್ಷ ಶ್ರೀಪಾಲ ಕಾಕಾ ಊರೂರಿಗೆ ಹೇಳಿ ಕಳಿಸಿದ್ದರು. ಏಳು ಚಿತ್ರ ಬಂದವು. ಹೆಸರು ಬೇಡ, ನಂಬರು ಸಾಕು, ಮುಖ ನೋಡಿ ಭಿಡೆ ಮಾಡಿದಂತಾಗಬಾರದು ಎಂದು ತಾವೇ ಕಟ್ಟುನಿಟ್ಟು ಮಾಡಿ ಏಳನ್ನೂ ಮೇಜಿನ ಮೇಲೆ ಹರಡಿದರು. ಸಮಿತಿಯ ಐದು ಜನವೂ ನಾಲ್ಕನೆಯ ನಂಬರಿನ ಮೇಲೆ ಬೆರಳಿಟ್ಟರು. ಐದು ಜನ ಒಂದೇ ಮಾತಿಗೆ ಬಂದದ್ದು ಆ ಸಂಘದಲ್ಲಿ ಅದೇ ಮೊದಲು.

"ನಾಕನೇ ನಂಬರ್ ಯಾರದ್ರಿ?" ಎಂದರು ಶ್ರೀಪಾಲ.

ಹಿಂದಿನ ಬೆಂಚಿನಿಂದ ಫರಹೀನ ಎದ್ದಳು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಫೋಟೋ ಅಂಗಡಿ ಇಟ್ಟಿರುವ ಬಂದಗಿಸಾಬರ ಮಗಳು. ವಯಸ್ಸು ಇಪ್ಪತ್ತಾರು. ದಿನಕ್ಕೆ ನಲವತ್ತು ಜನರನ್ನು ನೀಲಿ ಪರದೆಯ ಮುಂದೆ ಕೂರಿಸಿ "ಗದ್ದ ಸ್ವಲ್ಪ ಕೆಳಗ ಮಾಡ್ರಿ" ಎನ್ನುವುದೇ ಅವಳ ಕೆಲಸ. ಪಾಸ್‌ಪೋರ್ಟ್ ಸೈಜಿನಿಂದ ಎದ್ದು ಹನ್ನೆರಡು ಅಡಿಗೆ ಹೋಗುವ ಹುಚ್ಚು ಅವಳಿಗೆ ಯಾವಾಗ ಹಿಡಿಯಿತೋ ದೇವರೇ ಬಲ್ಲ.

"ಭಾಳ ಚೊಲೋ ಬಂದೈತಿ, ತಂಗಿ," ಎಂದು ಶ್ರೀಪಾಲ ಮನಸಾರೆ ಹೇಳಿದರು. ಅಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಆದರೆ ಅವರ ಪಕ್ಕದಲ್ಲಿ ಅಮಿತ ಕೂತಿದ್ದ. ನಿಪ್ಪಾಣಿಯ ಅಮಿತ ಎಂದರೆ ಸುತ್ತಲಿನ ಐದು ತಾಲೂಕಿನ ದೊಡ್ಡ ಮದುವೆಗಳೆಲ್ಲ ಅವನವೇ. ಕುತ್ತಿಗೆಯಲ್ಲಿ ಫುಲ್ ಫ್ರೇಮ್ ಕ್ಯಾಮೆರಾ, ಅದಕ್ಕೆ ತಂಬಿಗೆ ಗಾತ್ರದ ಲೆನ್ಸು. ಎರಡನೆಯ ನಂಬರು ಅವನದು.

"ಯಾವ ಕ್ಯಾಮೆರಾದಾಗ ತಗದಿ?" ಎಂದ ಅಮಿತ.

ಫರಹೀನ ಪರ್ಸಿನಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಹೌದು, ಪರ್ಸಿನಿಂದ! ಅಂಗೈಯಲ್ಲಿ ಮುಚ್ಚಿಹೋಗುವ ಕ್ಯಾಮೆರಾ. ಮಿರಜದ ಒಬ್ಬರಿಂದ ಹಳೆಯದನ್ನೇ ಕೊಂಡದ್ದು, ಒಂದು ಮೂಲೆಯಲ್ಲಿ ಬಣ್ಣ ಹಾರಿತ್ತು. ಮೇಜಿನ ಸುತ್ತ ಕಿಸಕ್ಕೆಂದರು.

"ಅರೇ, ಹೇ ತರ ಖೇಳಣ!" ಎಂದು ಯಾರೋ ಮರಾಠಿಯಲ್ಲಿ, ಇದು ಮಕ್ಕಳ ಆಟಿಕೆ ಎಂದರು. ಮತ್ತೆ ನಗು.

ಅಮಿತ ನಗಲಿಲ್ಲ, ಪಾಠ ಹೇಳಿದ. ಅದು ಇನ್ನೂ ಕೆಟ್ಟದ್ದು. "ನೋಡ್ರಿ ಕಾಕಾ, ಇದರೊಳಗ ಬೆಳಕು ಹಿಡಿಯೂ ಸೆನ್ಸರ್ ಹೆಬ್ಬಟ್ಟಿನ ಉಗುರಿನಷ್ಟ ಇರತೈತಿ. ನಂದರಾಗ ಅಂಚೆ ಚೀಟಿಯಷ್ಟ ಐತಿ. ಹಾಳ್ಯಾಗ ಸಣ್ಣದಾಗಿ ನೋಡಿದ್ರ ಇಕಿದು ಚಂದನ ಕಾಣತೈತಿ, ನಾ ಇಲ್ಲ ಅನ್ನಂಗಿಲ್ಲ. ಹನ್ನೆರಡ ಫೂಟ್ ಮಾಡಿದ್ರ ಒಡಿತೈತಿ. ಗಿಡ ಗಿಡ ಅನಸಂಗಿಲ್ಲ, ಹಸರ ಉಪ್ಪಿಟ್ಟು ಕಂಡಂಗ ಆಗತೈತಿ. ನಿಸರ್ಗ ತಗೀಬೇಕಂದ್ರ ಫುಲ್ ಫ್ರೇಮ್ ಬೇಕ ಬೇಕು."

ಶ್ರೀಪಾಲರ ಮುಖ ಬದಲಾಯಿತು. ಐದು ನಿಮಿಷದ ಹಿಂದೆ ಬೆರಳಿಟ್ಟು ತೋರಿಸಿದ ಚಿತ್ರವನ್ನು ಈಗ ಓರೆಗಣ್ಣಿನಿಂದ ನೋಡತೊಡಗಿದರು. ಚಿತ್ರ ಅದೇ, ಕಣ್ಣು ಅವೇ! ಆದರೂ ಅವರಿಗೆ ಅದು ಆಗಲೇ ಒಡೆದಂತೆ ಕಂಡಿತು. "ತಂಗಿ, ಬ್ಯಾಸರ ಮಾಡ್ಕೋಬ್ಯಾಡ. ಐತವಾರ ಉದ್ಘಾಟನೆ ಐತಿ. ರಿಸ್ಕ್ ಬ್ಯಾಡ. ಅಮಿತಂದು ಹಾಕ್ತೀವಿ," ಎಂದರು.

ಫರಹೀನ ಕ್ಯಾಮೆರಾ ಎತ್ತಿಕೊಳ್ಳಲೂ ಇಲ್ಲ, ಕೂರಲೂ ಇಲ್ಲ. "ನಂಬರ್ ಇಟ್ಟಿದ್ದು ಯಾಕ್ರಿ ಮತ್ತ? ಮದಲ ಕ್ಯಾಮೆರಾ ತೋರಸ್ರಿ ಅಂದಿದ್ರ ನಾ ಚಿಕ್ಕೋಡಿಂದ ಎರಡ ಬಸ್ ಬದಲಿ ಮಾಡಿ ಬರ್ತಾನ ಇರಲಿಲ್ಲ," ಎಂದಳು. "ಎರಡೂ ಹನ್ನೆರಡ ಫೂಟ್ ಮಾಡಸೋಣ. ಇದ ಗ್ವಾಡಿಗೆ ತೂಗ ಹಾಕೋಣ. ತ್ವಾಟದವರನ್ನೆಲ್ಲಾ ಕರೀರಿ. ಒಡದಿದ್ದು ಯಾವುದು, ಒಡೀದಿದ್ದು ಯಾವುದು, ಅವರ ಹೇಳ್ಲಿ. ನಂದು ಒಡೀತು ಅಂದ್ರ ಈ ಕ್ಯಾಮೆರಾ ಇಲ್ಲೇ ಬಿಟ್ಟ ಹೋಗ್ತೀನಿ. ಸಾಯೋತನಕಾ ಪಾಸ್‌ಪೋರ್ಟ್ ಫೋಟೋನ ತಗಿತೀನಿ."

"ಹಠ ಬ್ಯಾಡ, ಬೇ," ಎಂದ ಅಮಿತ.

"ನಿಂಗ ಹೆದರಿಕಿ ಇದ್ರ ಬ್ಯಾಡ ಬಿಡು."

ಅಷ್ಟು ಜನರ ಮುಂದೆ ಹಾಗೆಂದ ಮೇಲೆ ಅಮಿತ ಹೇಗೆ ಹಿಂದೆ ಸರಿದಾನು? ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಂದು ನಿಕ್ಕಿಯಾಯಿತು.

ಬಂದಗಿಸಾಬರು ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತರು. ಪಾಪ, ಅವರ ಹೆದರಿಕೆಗೂ ಕಾರಣವಿತ್ತು. ಮೂವತ್ತು ವರ್ಷ ಮದುವೆ ಫೋಟೋ ತೆಗೆದವರು. ಎಂಟು ವರ್ಷದ ಹಿಂದೆ ರಾಯಬಾಗದ ಒಂದು ಮದುವೆಯಲ್ಲಿ ವರನ ಮಾವ ಇವರ ಕ್ಯಾಮೆರಾ ನೋಡಿ, "ಇಷ್ಟ ಸಣ್ಣದೇನ್ರಿ? ಬೀಗರ ಮುಂದ ನಮ್ಮ ಮರ್ಯಾದಿ ಏನಾಗಬೇಕು?" ಎಂದು ಚಪ್ಪರದಿಂದಲೇ ವಾಪಸು ಕಳಿಸಿದ್ದ. ನಮ್ಮ ಕಡೆ ಮದುವೆಯಲ್ಲಿ ಫೋಟೋ ಹೇಗೆ ಬಂತೆಂದು ಕೇಳುವುದು ಆರು ತಿಂಗಳ ಮೇಲೆ. ಕ್ಯಾಮೆರಾ ಎಷ್ಟು ದೊಡ್ಡದೆಂದು ಅವತ್ತೇ ನೋಡುತ್ತಾರೆ. ಆಮೇಲೆ ಬಂದಗಿಸಾಬರು ಚಪ್ಪರದ ಕಡೆ ತಿರುಗಿಯೂ ನೋಡಲಿಲ್ಲ.

"ಮಂದಿ ಕ್ಯಾಮೆರಾ ನೋಡತಾರ ಬೇಟಾ, ಫೋಟೋ ನೋಡಂಗಿಲ್ಲ," ಎಂದರು. "ಇದ್ದ ಮಾನಾನೂ ಕಳಕೊಂಡ ಬರ್ತಿ."

"ನೀವ ಅವತ್ತ ಸುಮ್ಮನ ವಾಪಸ ಬಂದ್ರಿ ಅಬ್ಬಾ. ಅದಕ್ಕ ನನಗೂ ಸುಮ್ಮನ ಬಾ ಅಂತೀರಿ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಂದಗಿಸಾಬರು ಅಂಗಡಿಯ ಕಸ ಗುಡಿಸತೊಡಗಿದರು. ಬೆಳಿಗ್ಗೆಯೇ ಒಮ್ಮೆ ಗುಡಿಸಿದ್ದ ಅಂಗಡಿ ಅದು.

ಫರಹೀನ ಬರೀ ಬಾಯಿಬಡುಕಿಯಲ್ಲ. ಅವಳಿಗೊಂದು ಲೆಕ್ಕ ಗೊತ್ತಿತ್ತು. ಫೆಬ್ರವರಿಯಲ್ಲಿ, ತೋಟಗಳಲ್ಲಿ ಗೊನೆ ತುಂಬಿದ್ದಾಗ, ಶೇಡಬಾಳದ ನೀರಿನ ಟಾಕಿ ಹತ್ತಲು ಆರು ಬೆಳಗು ಹೋಗಿದ್ದಳು. ಐದು ಬೆಳಗು ಬೆಳಕು ಸರಿಬರಲಿಲ್ಲವೆಂದು ಒಂದೂ ಫೋಟೋ ತೆಗೆಯದೆ ಇಳಿದು ಬಂದಿದ್ದಳು. ಆರನೆಯ ದಿನ ಬಿಸಿಲು ಓರೆಯಾಗಿ ಬಿದ್ದು ದ್ರಾಕ್ಷಿಯ ಸಾಲು ಸಾಲೂ ಬೇರೆಬೇರೆಯಾಗಿ ಎದ್ದುನಿಂತಾಗ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಎಡದಿಂದ ಬಲಕ್ಕೆ ತುಸು ತುಸುವೇ ತಿರುಗಿಸುತ್ತ ಮೇಲೆ ಆರು, ಕೆಳಗೆ ಆರು, ಒಟ್ಟು ಹನ್ನೆರಡು ಫೋಟೋ ತೆಗೆದಳು. ಪ್ರತಿಯೊಂದೂ ಪಕ್ಕದ್ದರ ಮೇಲೆ ಅರ್ಧ ಹಾಯುವಂತೆ. ಆಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಹನ್ನೆರಡನ್ನೂ ಜೋಡಿಸಿ ಒಂದು ಮಾಡಿದಳು. ಉಗುರಿನಷ್ಟು ಸೆನ್ಸರೇ ಇರಲಿ, ಹನ್ನೆರಡು ಸಲ ನೋಡಿದರೆ ಅದಕ್ಕೆ ಕಾಣದ್ದು ಉಂಟೇ? ಅಮಿತನ ದೊಡ್ಡ ಕ್ಯಾಮೆರಾ ನೋಡಿದ್ದು ಒಂದೇ ಸಲ.

ಶುಕ್ರವಾರ ನಿಪ್ಪಾಣಿಯಲ್ಲಿ ಅವಳ ಸೋದರಮಾವನ ಮಗ ಅಸ್ಫಾಕನ ಫ್ಲೆಕ್ಸ್ ಅಂಗಡಿಯಲ್ಲಿ ಎರಡೂ ಚಿತ್ರಗಳ ಮುದ್ರಣವಾಯಿತು. ಅಸ್ಫಾಕ ನಕ್ಕು, "ವಾಟ್ಸಾಪಿನ್ಯಾಗ ಬಂದ ಫೋಟೋ ಹತ್ತ ಫೂಟ್ ಮಾಡಿ ಪುಢಾರಿಗಳ ಹುಟ್ಟಹಬ್ಬ ಮಾಡಸ್ತೀನಿ ನಾನು. ಇವತ್ತಿನತನಕಾ ಯಾವ ಪುಢಾರಿನೂ ಒಡದೇನಿ ಅಂತ ಬಂದಿಲ್ಲ," ಎಂದ. ಮಷಿನ್ನಿನಿಂದ ಬಟ್ಟೆ ಸುತ್ತಿಕೊಂಡೇ ಬಂತು. ಪೂರ್ತಿ ಬಿಚ್ಚಿ ನೋಡಲು ಅಲ್ಲಿ ಜಾಗವಿರಲಿಲ್ಲ. ಫರಹೀನ ನೋಡಲಿಲ್ಲ. ಅದೇ ಅವಳು ಮಾಡಿದ ತಪ್ಪು.

ಶನಿವಾರ ಶೇಡಬಾಳಕ್ಕೆ ಹೊರಟಾಗ ಬಂದಗಿಸಾಬರೂ ಅಂಗಡಿಗೆ ಬೀಗ ಹಾಕಿ ಬಂದರು. ಸುರುಳಿಯ ಒಂದು ತುದಿ ಹೆಗಲಿಗೆ ಹೊತ್ತು ಬಸ್ಸು ಹತ್ತಿದರು, ಅಷ್ಟೆ.

ಸಭಾಭವನದಲ್ಲಿ ನಲವತ್ತು ಜನ ಬೆಳೆಗಾರರು ಸೇರಿದ್ದರು. ಮೊದಲು ಅಮಿತನ ಚಿತ್ರವನ್ನು ಹಗ್ಗ ಕಟ್ಟಿ ತೂಗುಹಾಕಿದರು. ಮುಂದೆ ಒಂದು ದ್ರಾಕ್ಷಿ ಗೊನೆ, ಅದರ ಮೇಲೆ ಇಬ್ಬನಿ, ಹಿಂದೆಲ್ಲ ಹಸಿರು ಮಂಜು. ಚಂದವಿತ್ತು, ಸುಳ್ಳು ಹೇಳಬಾರದು. "ವಾ ವಾ" ಎಂದರು ಜನ. ಆಮೇಲೆ ಅದನ್ನು ಬಿಚ್ಚಿ ಪಕ್ಕದ ಗೋಡೆಗೆ ಕಟ್ಟಿ, ಅದರ ಜಾಗದಲ್ಲಿ ಫರಹೀನಳದನ್ನು ತೂಗುಹಾಕಿದರು. ಅದಕ್ಕೆ ಯಾರೂ ವಾ ವಾ ಎನ್ನಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನವನೊಬ್ಬ ಗೋಡೆಯ ಹತ್ತಿರ ಹೋದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ ಎದ್ದರು.

"ಏ, ಇದ ನಮ್ಮ ಬಾಂವಿ ನೋಡ್ರಿಲೇ!"

"ನಮ್ಮ ದ್ರಾಕ್ಷಿ ಒಣಸೂ ಮಣೂಕದ ಶೆಡ್ ಕಾಣಾಕತ್ತೈತಿ. ಮ್ಯಾಲಿನ ಹಸರ ಪರದೆ ಹರದದ್ದೂ ಕಾಣಾಕತ್ತೈತಿ!"

"ನಂದ ಎಲ್ಲಿ? ಸರೀರಿ, ನಂದ ಎಲ್ಲಿ ಐತಿ ನೋಡ್ತೀನಿ."

ತೋಟ ಇದ್ದವರು ನಿಸರ್ಗ ನೋಡುವ ರೀತಿಯೇ ಅದು. ಮೊದಲು ತಮ್ಮ ಹೊಲ ಹುಡುಕುತ್ತಾರೆ, ಆಮೇಲೆ ಪಕ್ಕದವನ ಬದು ಎಲ್ಲಿದೆ ನೋಡುತ್ತಾರೆ, ಸೊಬಗು ಗಿಬಗು ಎಲ್ಲ ಅದರ ಮೇಲೆ. ಅಮಿತನ ಮಂಜಿನಲ್ಲಿ ಯಾರ ಹೊಲವೂ ಇರಲಿಲ್ಲ. ಇಲ್ಲಿ ಎಲ್ಲರ ಹೊಲವೂ ಇತ್ತು. ಬೆರಳು ಇಟ್ಟು, ಮೂಗು ತಾಗಿಸಿ ನೋಡಿದರೂ ದ್ರಾಕ್ಷಿ ಹಂದರದ ತಂತಿ ತಂತಿಯಾಗಿಯೇ ಇತ್ತು. ಎಲ್ಲಿಯ ಒಡೆಯುವುದು? ಫರಹೀನ ಅಮಿತನ ಕಡೆ ನೋಡಿದಳು. ಅಮಿತ ಛಾವಣಿ ನೋಡುತ್ತಿದ್ದ.

ಆಗ ಧರೆಪ್ಪ ಕೂಗಿದ. ಎಪ್ಪತ್ತು ದಾಟಿದ ಮುದುಕ, ಕೆಂಪು ರುಮಾಲು, ಸಂಘದಲ್ಲಿ ಎಲ್ಲರಿಗಿಂತ ಹಳಬ. "ಇಲ್ಲೆ ನಾ ಅದೀನಿ! ಬದುವಿನ ಮ್ಯಾಲ ನಿಂತೀನಿ ನೋಡ್ರಿ, ನನ್ನ ರುಮಾಲ!" ಖರೆಯೇ. ಬೆರಳಿನ ಉಗುರಿನಷ್ಟು ಎತ್ತರದ ಧರೆಪ್ಪ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ಮೂರು ಅಡಿ ಬಲಕ್ಕೆ ಶ್ರೀಪಾಲರು ತಮ್ಮ ತೋಟ ಹುಡುಕುತ್ತಿದ್ದರು. "ಧರೆಪ್ಪ," ಎಂದರು, "ಅದ ನೀ ಆದ್ರ ನನ್ನ ತ್ವಾಟದಾಗ ಇರಾಂವ ಯಾರ?"

ಅಲ್ಲಿಯೂ ಧರೆಪ್ಪ ಇದ್ದ. ಅದೇ ಕೆಂಪು ರುಮಾಲು, ಅದೇ ಬಾಗಿದ ಬೆನ್ನು. ಒಂದು ಕೈ ಶ್ರೀಪಾಲರ ಹಂದರದೊಳಗೆ ಹೋಗಿತ್ತು. ಬೆಳೆಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫರಹೀನ ಚಿತ್ರದ ಹತ್ತಿರ ಓಡಿದಳು. ಜೋಡಿಸುವಾಗ ಸಾಲು ಕೂಡಿದ್ದನ್ನು ನೋಡಿದ್ದಳು, ಕಾಲುವೆ ಕೂಡಿದ್ದನ್ನು ನೋಡಿದ್ದಳು. ಎಡದಿಂದ ಬಲಕ್ಕೆ ಕ್ಯಾಮೆರಾ ತಿರುಗುವಾಗ ಈ ಮುದುಕನೂ ಎಡದಿಂದ ಬಲಕ್ಕೆ ನಡೆದು ಎರಡು ಫೋಟೋದಲ್ಲಿ ಸಿಕ್ಕಿದ್ದನ್ನು ನೋಡಿರಲಿಲ್ಲ.

ಅಮಿತನ ಕಣ್ಣು ಛಾವಣಿ ಬಿಟ್ಟು ಕೆಳಗೆ ಬಂತು. "ಹೋ! ಹಿಂಗೈತಿ ಆಟ! ಜೋಡಿಸಿದ ಚಿತ್ರ ಇದು ಕಾಕಾ! ಒಂದ ಮನಶ್ಯಾ ಎರಡ ಕಡೆ ಹ್ಯಾಂಗ ಇರತಾನ? ಇದ ಫೋಟೋನ ಅಲ್ಲ, ಮೋಸ. ಸಣ್ಣ ಕ್ಯಾಮೆರಾದಾಗ ಆಗಲಿಲ್ಲ, ಅದಕ್ಕ ತ್ಯಾಪಿ ಹಚ್ಚ್ಯಾಳ!"

ನಲವತ್ತು ಜನರ ಕಣ್ಣು ಫರಹೀನಳ ಮೇಲೆ ಬಿತ್ತು. ಗೊತ್ತಿರಲಿಲ್ಲ ಎಂದು ಅತ್ತು ಬಿಡಬಹುದಿತ್ತು. ಅವಳು ಹಾಗೆ ಅಳುವವಳಾಗಿದ್ದರೆ ಆ ಟಾಕಿ ಹತ್ತುತ್ತಲೇ ಇರಲಿಲ್ಲ.

"ಹೌದು, ತ್ಯಾಪಿ ಹಚ್ಚೀನಿ," ಎಂದಳು. "ಹನ್ನೆರಡ ಫೋಟೋ ತಗದ ಕೌದಿ ಹೊಲದಂಗ ಹೊಲದೀನಿ. ನಿಮ್ಮ ಮನಿಯಾಗ ಕೌದಿ ಹೊಚ್ಚಗೊಂಡ ಮಲಗ್ತೀರಲ್ಲ, ಅದಕ್ಕ ಮೋಸ ಅಂತೀರೇನು? ಧರೆಪ್ಪ ಮಾಮಾ ಎರಡ ಕಡೆ ಬಂದದ್ದು ನಾ ನೋಡಲಿಲ್ಲ, ಅದ ನನ್ನ ತಪ್ಪು, ಒಪ್ಪಗೋತೀನಿ. ಆದ್ರ ಸುಳ್ಳ ಯಾವುದೈತಿ ಹೇಳ್ರಿ. ಮಾಮಾ, ಆ ಬದುವಿನ ಮ್ಯಾಲ ನಿಂತಿದ್ದಿಲ್ಲೇನ?"

"ನಿಂತಿದ್ದೆ," ಎಂದ ಧರೆಪ್ಪ.

"ಅಧ್ಯಕ್ಷರ ಹಂದರದಾಗ ಕೈ ಹಾಕಿದ್ದಿಲ್ಲೇನ?"

ಧರೆಪ್ಪ ರುಮಾಲು ಸರಿಮಾಡಿಕೊಂಡ. ಇಡೀ ಸಭೆ ಅವನ ಬಾಯಿ ನೋಡಿತು. "ಹಾಕಿದ್ದೆ," ಎಂದ. "ದಿನಾ ಹಾಕ್ತೀನಿ. ಅವಂದು ಸೀ ಜಾಸ್ತಿ."

"ಮುದುಕ, ಕಳ್ಳಾ!" ಎಂದು ಶ್ರೀಪಾಲ ಕೈ ಎತ್ತಿದರು. ನಗುವಿನಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ.

ನಗು ನಿಲ್ಲಲು ಬಿಡದೆ ಫರಹೀನ ಅಮಿತನ ಕಡೆ ತಿರುಗಿದಳು. "ಕಳವು ಮಾಡೂ ಕೈ ಸುದ್ದಾ ಕಾಣಾಕತ್ತೈತಿ ಅಮಿತಣ್ಣಾ, ಇನ್ನೇನ ಒಡೀಬೇಕ ಇದರಾಗ? ನಿನ್ನ ಕ್ಯಾಮೆರಾ ದೊಡ್ಡದು, ನಾ ಇಲ್ಲ ಅನ್ನಂಗಿಲ್ಲ. ಸಂಜೀ ಕತ್ತಲಾಗ, ಮಬ್ಬಿನ್ಯಾಗ ನಿಂದ ಗೆಲ್ಲತೈತಿ. ನೀನೂ ಟಾಕಿ ಹತ್ತಿ, ಸ್ಟ್ಯಾಂಡ್ ಇಟ್ಟು, ಲೆನ್ಸಿನ ಕಿಂಡಿ ಸಣ್ಣದ ಮಾಡಿ, ಹನ್ನೆರಡ ಸಲ ತಗದಿದ್ರ ಇವತ್ತ ನಾ ಸೋತ ಮನಿಗಿ ಹೋಗ್ತಿದ್ದೆ. ಆದ್ರ ನೀ ಏನ ಮಾಡಿದಿ? ಮದುವಿ ಹೆಣ್ಣ ನಿಂದರಿಸಿ ಹಿಂದಿಂದೆಲ್ಲಾ ಮಬ್ಬ ಮಾಡತಿಯಲ್ಲ, ಅದ ರೂಢಿ ನಿಂಗ. ಲೆನ್ಸಿನ ಕಿಂಡಿ ಪೂರಾ ತಗದ ಇಟ್ಟಿ, ಗೊನಿನ ಮದಲಗಿತ್ತಿ ಮಾಡಿದಿ, ಇವರ ಹೊಲಾ ಎಲ್ಲಾ ಅಳಿಸಿ ಹಾಕಿದಿ. ಅದ ಕ್ಯಾಮೆರಾದ ತಪ್ಪಲ್ಲ."

ಅಮಿತ ತಿರುಗಿದ. ತನ್ನ ಚಿತ್ರ ನೋಡಿದ. ಇಷ್ಟು ಹೊತ್ತು ಯಾರೂ ಅದರ ಹತ್ತಿರ ಹೋಗಿರಲಿಲ್ಲ. ಈಗ ಅವನೇ ಹೋದ. ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೆ ಇಬ್ಬನಿಯ ಹನಿಗಳ ಅಂಚು ಚೌಕ ಚೌಕವಾಗಿ ಒಡೆದಿತ್ತು. ಒಂದೇ ಫೋಟೋವನ್ನು ಹನ್ನೆರಡಡಿಗೆ ಎಳೆದರೆ ಇನ್ನೇನಾದೀತು? ಅವನು ಹಿಂದೆ ಬಂದು ಕೂತ.

"ಆತು ಬಿಡ್ರಿ," ಎಂದರು ಶ್ರೀಪಾಲ. "ತಂಗೀದ ಇರಲಿ. ಆದ್ರ ನನ್ನ ತ್ವಾಟದಾಗಿನ ಧರೆಪ್ಪನ್ನ ತಗದ ಹಾಕು."

"ಯಾಕ ತಗೀಬೇಕು?" ಧರೆಪ್ಪ ಎದ್ದುನಿಂತ. "ತಗದ್ರ ನನ್ನ ಹೊಲದಾಗಿಂದ ತಗೀಲಿ. ಅಲ್ಲೆ ಬರೇ ನಿಂತೀನಿ. ಇಲ್ಲೆ ಕೆಲಸಾ ಮಾಡಾಕತ್ತೀನಿ."

ಯಾವ ಧರೆಪ್ಪನನ್ನೂ ತೆಗೆಯುವುದಿಲ್ಲ ಎಂದಳು ಫರಹೀನ. ಅದಕ್ಕೂ ಶ್ರೀಪಾಲ ಒಪ್ಪಿದರು. ಒಪ್ಪದೆ ಏನು ಮಾಡಿಯಾರು, ನಲವತ್ತು ಜನ ಧರೆಪ್ಪನ ಕಡೆ ಇದ್ದರು. ಚಿತ್ರದ ಕೆಳಗೆ ಹಾಕುವ ಹಿತ್ತಾಳೆ ತಗಡಿಗೆ ಏನು ಬರೆಸಬೇಕೆಂದು ಶ್ರೀಪಾಲ ಕಾಗದ ತೆಗೆದರು. ಅಮಿತನದೇ ಗೆಲ್ಲುತ್ತದೆಂದು ಅವನ ಹೆಸರು, ಕೆಳಗೆ ಅವನ ಕ್ಯಾಮೆರಾದ ಹೆಸರು ಅದರಲ್ಲಿ ಆಗಲೇ ಬರೆದಿಟ್ಟಿದ್ದರು. ಎರಡರ ಮೇಲೂ ಗೀಟು ಹೊಡೆದು, "ನಿನ್ನ ಹೆಸರ ಹಾಕ್ತೀವಿ. ಕ್ಯಾಮೆರಾ ಸುದ್ದಿ ಬ್ಯಾಡ. ನಾಳೆ ಸಾಂಗ್ಲಿ, ಕೊಲ್ಹಾಪುರದಿಂದ ದೊಡ್ಡ ದೊಡ್ಡ ಮಂದಿ ಬರತಾರ. ಇಷ್ಟ ಸಣ್ಣ ಕ್ಯಾಮೆರಾದಾಗ ತಗಿಸ್ಯಾರ ಅಂತ ಆಡ್ಕೋಬಾರದು," ಎಂದರು.

ಇಷ್ಟೆಲ್ಲ ಆದ ಮೇಲೂ! ಕಣ್ಣಾರೆ ನೋಡಿದ ಮೇಲೂ! ಫರಹೀನಳಿಗೆ ಗೆದ್ದದ್ದೂ ಗೆದ್ದಂತಲ್ಲ ಅನಿಸಿತು. ಅಮಿತನ ಕ್ಯಾಮೆರಾಕ್ಕೆ ಹಿತ್ತಾಳೆಯ ಅಕ್ಷರ, ಅವಳದನ್ನು ಬಚ್ಚಿಡಬೇಕು.

"ಹಂಗಾದ್ರ ಚಿತ್ರಾನೂ ಬ್ಯಾಡ್ರಿ," ಎಂದಳು. ಗೋಡೆಯ ಎಡತುದಿಗೆ ಹೋಗಿ ಹಗ್ಗದ ಗಂಟು ಬಿಚ್ಚತೊಡಗಿದಳು.

"ಏ ಹುಡುಗೀ! ಏನ ಹುಚ್ಚಾಟ ಇದು? ಬಂದಗಿಸಾಬರ, ನೀವರ ಬುದ್ಧಿ ಹೇಳ್ರಿ!"

ಬಂದಗಿಸಾಬರು ಬಾಗಿಲ ಬಳಿ ನಿಂತಿದ್ದರು. ನಿಧಾನಕ್ಕೆ ನಡೆದು ಮುಂದೆ ಬಂದರು. ಅಬ್ಬಾ ಈಗ ಕೈ ಹಿಡಿದು ನಿಲ್ಲಿಸುತ್ತಾರೆ, ಇಷ್ಟು ದೊಡ್ಡವರ ಮಾತು ಮೀರಬೇಡ ಎನ್ನುತ್ತಾರೆ ಎಂದುಕೊಂಡು ಫರಹೀನ ಹಲ್ಲು ಕಚ್ಚಿ ಗಂಟು ಜಗ್ಗಿದಳು. ಅವರು ಅವಳನ್ನು ದಾಟಿ ಹೋದರು. ಗೋಡೆಯ ಬಲತುದಿಗೆ ಹೋಗಿ, ಚಪ್ಪಲಿ ಬಿಟ್ಟು ಸ್ಟೂಲು ಹತ್ತಿ, ಆ ಕಡೆಯ ಗಂಟಿಗೆ ಕೈ ಹಾಕಿದರು. ಮಗಳಿಗಿಂತ ಮೊದಲು ಅವರ ಗಂಟೇ ಬಿಚ್ಚಿತು.

ಚಿತ್ರದ ಒಂದು ಮೂಲೆ ಜೋಲಿಬಿತ್ತು. "ಏ, ನಮ್ಮ ಬಾಂವಿ! ನಮ್ಮ ಶೆಡ್ಡು!" ಎಂದು ಬೆಳೆಗಾರರು ಓಡಿಬಂದು ಕೆಳಗಿನಿಂದ ಎತ್ತಿ ಹಿಡಿದರು. "ಬರಿಯೋ ಶ್ರೀಪಾಲ! ಅಕಿ ಹೇಳಿದ್ದ ಬರಿ! ನಿನ್ನ ಕಿಸೆದಾಗಿಂದ ಏನ ಹೋಗತೈತಿ?" ಎಂದು ಧರೆಪ್ಪ ಗದರಿದ.

ಶ್ರೀಪಾಲ ಪೆನ್ನು ತೆಗೆದರು. "ಹೇಳವ್ವಾ ತಾಯೀ, ಏನ ಬರೀಲಿ?"

ಫರಹೀನ ಹಗ್ಗ ಬಿಡದೆಯೇ ಹೇಳಿದಳು. "ಫರಹೀನ ಬಂದಗಿಸಾಬ, ಚಿಕ್ಕೋಡಿ. ಅದರ ಕೆಳಗ, ಉಗುರಿನಷ್ಟ ಸೆನ್ಸರ್ ಇರೂ ಸಣ್ಣ ಕ್ಯಾಮೆರಾದಾಗ ತಗದದ್ದು."

ಶ್ರೀಪಾಲ ಬರೆದರು. ಕಾಗದ ಎತ್ತಿ ತೋರಿಸಿದರು. ಮೊದಲ ಸಾಲು ದಪ್ಪಗೆ ಬರೆದಿದ್ದರು, ಎರಡನೆಯ ಸಾಲನ್ನು ಇರುವೆ ಸಾಲಿನಷ್ಟು ಸಣ್ಣಗೆ ಬರೆದಿದ್ದರು.

ಫರಹೀನ ಅಪ್ಪನ ಕಡೆ ನೋಡಿದಳು. ಬಂದಗಿಸಾಬರು ಸ್ಟೂಲಿನ ಮೇಲಿಂದಲೇ ಕತ್ತು ಬಾಗಿಸಿ ಕಾಗದ ಓದಿದರು, ತಲೆ ಅಡ್ಡ ಆಡಿಸಿದರು.

"ಹೆಸರ ಬೇಕಾದ್ರ ಸಣ್ಣದ ಮಾಡ್ರಿ, ಕಾಕಾ," ಎಂದಳು ಫರಹೀನ. "ಕ್ಯಾಮೆರಾದ್ದ ದೊಡ್ಡದ ಬರೀರಿ."